ಗೂಬೆ ಕೂರಿಸುವವನು

ಓಹಾಕಾದ ಹಳೇ ಮಾರುಕಟ್ಟೆಯ ಹಿಂದೆ, ಕ್ಷೌರದಂಗಡಿಯ ಮೇಲೆ,
ಹದಿಮೂರು ಮೆಟ್ಟಿಲು ಹತ್ತಿದರೆ
ನಾನು, ನನ್ನ ಸೂಜಿ, ಒಂದು ಸದ್ದು ಮಾಡುವ ಫ್ಯಾನು.
ಹನ್ನೊಂದು ವರ್ಷದಲ್ಲಿ ಎಷ್ಟು ಗೂಬೆ ಕೂರಿಸಿದ್ದೇನೋ
ಲೆಕ್ಕ ಇಟ್ಟಿಲ್ಲ.
ಕಾನೂನು ಓದುವ ಹುಡುಗನ ಭುಜಕ್ಕೆ, ಪುಸ್ತಕದ ರಾಶಿಯ ಮೇಲೊಂದು;
ಅದಕ್ಕೆ ಕನ್ನಡಕ ಬೇರೆ ಹಾಕಿಸಿದ, ಜಾಣತನಕ್ಕಂತೆ.
ಆಮೇಲೆ ಎರಡು ಸಲ ಫೇಲಾದ.
ಗೂಬೆಯದೇನೂ ತಪ್ಪಿಲ್ಲ.
ಲಾರಿ ಓಡಿಸುವ ಫಿದೆನ್ಸಿಯೊನ ಎದೆಗೆ
ಉಗುರಲ್ಲಿ ತಲೆಬುರುಡೆ ಹಿಡಿದು ರೆಕ್ಕೆ ಬಿಚ್ಚಿದ್ದು,
ಬೆಟ್ಟದ ತಿರುವಲ್ಲಿ ತೂಕಡಿಕೆ ಬಾರದಿರಲಿ ಎಂದು.
ಗಡಿಯಾಚೆಯ ಜೈಲಿಂದ ಬಂದವನೊಬ್ಬ
ಬರೀ ಎರಡು ಕಣ್ಣು ಸಾಕೆಂದ, ಬೆನ್ನಿಗೆ.
ಬೆನ್ನು ನೋಡಿದ ಮೇಲೆ ಯಾಕೆಂದು ಕೇಳಲಿಲ್ಲ.

ನನ್ನಜ್ಜಿ ಪೆತ್ರೋನಾ ಮಾತ್ರ ಈ ಮೆಟ್ಟಿಲು ಹತ್ತಿದವಳಲ್ಲ.
ಬೆಟ್ಟದ ಮೇಲಿನ ಅವಳ ಊರಲ್ಲಿ ಗೂಬೆ ಕೂಗಿದರೆ
ಹಂಚಿನ ಮೇಲಿನ ಜೋಳದ ರೊಟ್ಟಿ ಹೊತ್ತಿದರೂ ಸರಿ
ಅಂಗಳಕ್ಕೆ ಹಾರಿ, ಉಪ್ಪು ಎರಚಿ,
ಅದರ ಅಮ್ಮ ಅಜ್ಜಿಯರನ್ನೆಲ್ಲ ಸೇರಿಸಿ ಬೈಯುತ್ತಿದ್ದಳು,
ಸಪೊತೆಕ್ ನುಡಿಯಲ್ಲೇ;
ಸ್ಪ್ಯಾನಿಷ್ ಬೈಗುಳ ಹಕ್ಕಿಗೆ ತಟ್ಟುವುದಿಲ್ಲವಂತೆ.
"ಸಾವಿನ ಟಪಾಲಿನವನು ಅದು.
ದುಡ್ಡು ಕೊಟ್ಟು ಮೈಮೇಲೆ ಕೂರಿಸಿಕೊಳ್ಳುವ ಮಂಗಗಳೂ ಉಂಟೇ?"
ಉಂಟು ಅಜ್ಜಿ, ನಿನ್ನ ಮಂಡಿನೋವಿನ ಮುಲಾಮು
ಬರುವುದೇ ಆ ದುಡ್ಡಲ್ಲಿ
ಅನ್ನಲು ಬಾಯಿ ಬರಲಿಲ್ಲ.

ಮೊನ್ನೆ ಮಂಗಳವಾರ, ಇನ್ನೂ ಬಾಗಿಲು ತೆರೆದಿರಲಿಲ್ಲ,
ಮೇಲಿನ ಮೆಟ್ಟಿಲಲ್ಲಿ ಕೂತಿದ್ದಳು ಓಬ್ದುಲಿಯಾ:
ಸರ್ಕಾರಿ ಆಸ್ಪತ್ರೆಯ ರಾತ್ರಿಪಾಳಿಯ ನರ್ಸು,
ಬಿಳಿ ಬೂಟಿನ ಮೇಲೆ ಅಯೋಡಿನ್ ಕಲೆ.
"ಗೂಬೆ. ಬಲ ಮಣಿಕಟ್ಟಿನ ಒಳಗೆ. ನಿಂಬೆಹಣ್ಣಿನಷ್ಟು.
ಪುಸ್ತಕ ಬೇಡ, ಗುಲಾಬಿ ಬೇಡ, ಚಂದ್ರನೂ ಬೇಡ."
ಕೆಲಸದ ಕೈ, ತೊಳೆದೂ ತೊಳೆದೂ ಮಾಸುತ್ತೆ, ಅಂದೆ.
"ಫೋನು ಹಿಡಿಯೋ ಕೈ ಅದೇ," ಅಂದಳು.

ಸೂಜಿಯ ಗುಂಯ್‌ಗುಡುವಿಕೆಯ ನಡುವೆ ಬಿಟ್ಟೂ ಬಿಟ್ಟೂ ಹೇಳಿದಳು:
ರಾತ್ರಿ ಮೂರಕ್ಕೆ ಯಾರದೋ ಉಸಿರು ನಿಂತರೆ
ಡಾಕ್ಟರು ಸಹಿ ಹಾಕಿ ಹೋಗಿ ಮಲಗುತ್ತಾರೆ,
ಮನೆಗೆ ನಂಬರು ಒತ್ತುವವಳು ಇವಳು.
ಒಂಬತ್ತು ವರ್ಷದಿಂದ.
ಮೊದಲ ರಿಂಗಿಗೇ ಎತ್ತುವವರಿಗೆ ಗೊತ್ತಿರುತ್ತದೆ,
ಎತ್ತದವರಿಗೂ ಗೊತ್ತಿರುತ್ತದೆ.
ಒಬ್ಬಾಕೆ ಎಲ್ಲ ಕೇಳಿಸಿಕೊಂಡು
"ಸರಿ, ರಾತ್ರಿ ಊಟ ಮಾಡಿದ್ದರಾ?" ಅಂದಳಂತೆ.
ಒಬ್ಬ ಇವಳ ಅಮ್ಮ ಅಜ್ಜಿಯರನ್ನೆಲ್ಲ ಸೇರಿಸಿ ಬೈದ.
ಬೈದು ಮುಗಿಯುವ ತನಕ
ಇವಳು ಫೋನು ಇಡಲಿಲ್ಲ.
"ಆ ಹೊತ್ತಲ್ಲಿ ಯಾರ ಮೇಲಾದರೂ ಗೂಬೆ ಕೂರಿಸಬೇಕಲ್ಲ ಪಾಪ,
ನಾನೇ ಮೊದಲು ಕೂರಿಸಿಕೊಂಡರೆ
ಅವರಿಗೆ ಕೆಲಸ ಕಡಿಮೆ."
ನಕ್ಕಳು. ಕೈ ಅಲುಗಿ ಒಂದು ಗರಿ ಸೊಟ್ಟಗಾಯಿತು.
ಇರಲಿ ಬಿಡು, ಅಂದಳು.

ಕೊಕ್ಕು ತೆರೆಯಲೇ ಎಂದರೆ ಮುಚ್ಚೇ ಇರಲಿ ಎಂದಳು,
ಮಾತಾಡುವವಳು ತಾನು.
ರಕ್ತ ಒರೆಸಿ, ವ್ಯಾಸಲೀನು ಸವರಿ, ದೀಪ ಹತ್ತಿರ ತಂದು ನೋಡಿದೆ:
ನಾಡಿ ಬಡಿಯುವ ಜಾಗಕ್ಕೆ ಸರಿಯಾಗಿ ಬಿದ್ದಿತ್ತು ಅದರ ಎದೆ.
ಏರುತ್ತಿತ್ತು. ಇಳಿಯುತ್ತಿತ್ತು.
ಇಷ್ಟು ವರ್ಷದಲ್ಲಿ ನಾನು ಬರೆದ ಒಂದು ಹಕ್ಕಿಯೂ
ಉಸಿರಾಡಿದ್ದಿಲ್ಲ.
ಅವಳು ಮಾತ್ರ ನೋಡಿ, ಚಿಲ್ಲರೆ ಎಣಿಸಿ ಕೊಟ್ಟು,
ತೋಳು ಕೆಳಗಿಳಿಸಿ ಬಸ್ಸಿಗೆ ಓಡಿದಳು, ಮಲಗಬೇಕಿತ್ತು.

ಆ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ.
ಹನ್ನೊಂದು ದಾಟಿತ್ತು, ಅಜ್ಜಿಗೆ ಫೋನು ಮಾಡಿದೆ.
ಮೊದಲ ರಿಂಗಿಗೇ ಎತ್ತಿದಳು.
"ಯಾರು ಹೋದರು?"
ಯಾರೂ ಇಲ್ಲ ಅಜ್ಜಿ. ಊಟ ಆಯಿತಾ ಅಂತ.
ಅತ್ತ ಬಹಳ ಹೊತ್ತು ಬರೀ ಉಸಿರು.
"ಮತ್ತೆ ಯಾಕೋ
ಈ ಹೊತ್ತಲ್ಲಿ ಕೂಗಿದೆ?"