ಕೇಳಲ್ಲ

ಕಂಪನಿಯ ಫಾರಂ ಇಂಗ್ಲಿಷಿನದು.
ಅಕ್ಕಪಕ್ಕ ಎರಡು ಚೌಕ:
ತೊಂದರೆ ಹಿಯರಿಂಗಿನದೋ, ಲಿಸನಿಂಗಿನದೋ.
ಒಂದಕ್ಕೇ ಟಿಕ್ ಹಾಕಬೇಕು ನಾನು,
ದುರ್ಗಿಗುಡಿಯ ಮಹಡಿಯ ಮೇಲಿನ ಈ ಗೂಡಿನಲ್ಲಿ.
ಗೋಡೆಗೆಲ್ಲ ಸ್ಪಂಜು. ಕೆಳಗೆ ಆಟೋಗಳ ಜಗಳ.

ಎದುರಿಗೆ ಮಂಜೋಜಿರಾಯರು.
ಭದ್ರಾವತಿಯ ಕಬ್ಬಿಣದ ಕಾರ್ಖಾನೆಯಲ್ಲಿ
ಮೂವತ್ತೊಂದು ವರ್ಷ ಸುತ್ತಿಗೆಯ ಪಕ್ಕ.
ಜೊತೆಗೆ ಕಾವೇರಿಬಾಯಿ, ತೊಡೆಯ ಮೇಲೆ ರಿಪೋರ್ಟಿನ ಚೀಲ.
ಏನು ತೊಂದರೆ ಅಂದೆ.
"ಕೇಳಲ್ಲ" ಅಂದರು ಆಕೆ.

ಇವರಾ? ಇವರಿಗಾ?
ಒಂದೇ ಒಂದು 'ಗೆ' ಬೇಕಿತ್ತು ನನಗೆ,
ಅದು ಸಿಕ್ಕಿದ್ದರೆ ಮೊದಲ ಚೌಕ.

ಹೊಸನಗರದ ಹೈಸ್ಕೂಲಿನಲ್ಲಿ ವೆರೋನಿಕಾ ಟೀಚರ್ ಅಂದಿದ್ದರು:
ಬಾಗಿಲು ತೆರೆದಿತ್ತು, ನಾಯಿ ಒಳಗೆ ಬಂತು, ಅದು ಹಿಯರ್.
ನೀನೇ ಎದ್ದು ಹೋಗಿ ಬಾಗಿಲು ತೆಗೆದೆ, ಅದು ಲಿಸನ್.
ಮೊದಲನೆಯದರ ಹೊಟ್ಟೆಯಲ್ಲಿ ಕಿವಿಯಿದೆ, ನೋಡಿ, ಇಯರ್.
ಎರಡನೆಯದರಲ್ಲಿ ಒಂದು ಟಿ ಇದೆ,
ಬರೀಬೇಕು, ಅನ್ನಬಾರದು.
ಹಿಂದಿನ ಬೆಂಚಿನ ನಾವು
ಪಕ್ಕದ ಗದ್ದೆಯ ಪಂಪುಸೆಟ್ಟಿನ ಲಯ ಎಣಿಸುತ್ತಿದ್ದೆವು.

ರಾಯರ ಕೈಗೆ ಗುಂಡಿ ಕೊಟ್ಟೆ.
ತಗ್ಗಿನ ಸದ್ದಿಗೆಲ್ಲ ಒತ್ತಿದರು, ತಪ್ಪದೆ.
ದನಿ ಏರುತ್ತ ಹೋದಂತೆ ಬೆರಳು ಸುಮ್ಮನಾಯಿತು,
ಗೆರೆ ಆಗುಂಬೆಯ ಘಾಟಿಯ ಹಾಗೆ ಒಮ್ಮೆಲೇ ಜಾರಿತು.
ಬಳೆ, ಸೀಟಿ, ಸಕಾರ, ಚಕಾರ,
ಹೆಂಗಸರ ಮಾತಿನ ತುದಿಗಳು,
ಎಲ್ಲ ಆ ಕಣಿವೆಯಲ್ಲಿ.

ನೋಡಿ ಅಮ್ಮಾ, ಅವರ ತಪ್ಪಿಲ್ಲ, ನರ ಸೋತಿದೆ ಅಂದೆ.
"ಅದು ಗೊತ್ತು ಬಿಡಪ್ಪ.
ನಿಂದು ಊಟ ಆಯ್ತಾ ಅಂತ
ಒಂದು ದಿನ ಕೇಳಲಿಲ್ಲ ಈ ಮನುಷ್ಯ.
ಕಿವಿ ಚೆನ್ನಾಗಿದ್ದಾಗಿನ ಮಾತು ಇದು."

ಮೂರನೆಯ ಚೌಕ ಹುಡುಕಿದೆ.
ಹಾಳೆ ತಿರುಗಿಸಿದೆ. ಅಲ್ಲಿ ಬ್ಯಾಟರಿಯ ಗ್ಯಾರಂಟಿ.

ಮಷೀನು ಎಡಗಿವಿಗೆ ಕೂರಿಸಿ ಸ್ವಿಚ್ ಹಾಕಿದೆ.
ರಾಯರು ಬೆಚ್ಚಿ ಫ್ಯಾನು ನೋಡಿದರು,
ಚೀಲ ನೋಡಿದರು, ಅದರ ಪರಪರ,
ಆಮೇಲೆ ನನ್ನ ಕಡೆ ಬಾಗಿ ಮೆಲ್ಲಗೆ,
"ಎಷ್ಟಾಗುತ್ತೆ?"
"ಇದನ್ನ ಕೇಳ್ತಾರೆ ನೋಡಿ" ಅಂತ ನಕ್ಕರು ಕಾವೇರಿಬಾಯಿ,
ಸೆರಗು ಬಾಯಿಗೆ ಒತ್ತಿ, ಜಾಸ್ತಿ ಹೊತ್ತು.

ಹಿಯರಿಂಗಿಗೆ ಟಿಕ್ ಹಾಕಿದೆ.
ಕಂಪನಿ ರಿಪೇರಿ ಮಾಡುವುದು ಅದನ್ನು ಮಾತ್ರ.

ಮೆಟ್ಟಿಲಿನಲ್ಲಿ ಆಕೆ ಮುಂದೆ,
ತಿರುಗದೆ ಏನೋ ಅಂದರು.
ರಾಯರು ನಿಂತರು,
ಕಂಬಿಯ ಮೇಲೆ ಕೈ.
ಗಾಜಿನ ಈಚೆ, ಸ್ಪಂಜಿನ ನಡುವೆ
ನನಗೆ ಕೇಳಲಿಲ್ಲ.
ಕೆಳಗಿಳಿದು ಹೋಗಿ
ನಾನೂ ಕೇಳಲಿಲ್ಲ.