ಪೆನ್ನು ನಿಮ್ಮದು

ಸಸ್ಕಟೂನಿನಿಂದ ಮೂರೂವರೆ ತಾಸಿನ ಬಸ್ಸು.
ಮನೆಗೆ ಬಂದು ಕೋಟು ಕಳಚಿದಾಗ ಕಂಡಿತು,
ಜೇಬಿನಲ್ಲಿ ನಿಮ್ಮ ಪೆನ್ನು.
ಯಾರೋ ಕಚ್ಚಿ ಕಚ್ಚಿ ತುದಿ ನುಗ್ಗಾದ ನೀಲಿ ಪೆನ್ನು,
ಮೈಮೇಲೆ ಜಂತುಹುಳದ ಔಷಧಿಯ ಹೆಸರು
ಅರ್ಧ ಅಳಿಸಿದ್ದು.

ಹೊರಗೆ ಸೊನ್ನೆಗಿಂತ ಮೂವತ್ತೊಂದು ಕೆಳಗೆ.
ಟ್ರ್ಯಾಕ್ಟರು ಕೂಡ ಕಂಬಳಿ ಹೊದ್ದು
ಗೋಡೆಯ ತಂತಿಯಿಂದ ವಿದ್ಯುತ್ತು ಕುಡಿಯುತ್ತ ನಿಂತಿದೆ.
ಅಡುಗೆಮನೆಯ ಮೇಜಿನ ಮೇಲೆ ಮೂರು ಕಾರ್ಡು, ಖಾಲಿ.

ಡೆನಿಸ್ ಫೋನಿನಲ್ಲಿ ಹೇಳಿದ
(ಲಾ ಕಾಲೇಜು ಸೇರಿದವನು, ಎಲ್ಲ ಬಲ್ಲವನು):
ಇಪ್ಪತ್ತನಾಲ್ಕು ತಾಸಿನೊಳಗೆ ಹೋಗಲಿ,
ಮೂವರಿಗೂ ಬೇರೆ ಬೇರೆ ವಾಕ್ಯ ಇರಲಿ,
ಪಕ್ಕಪಕ್ಕ ಇಟ್ಟು ನೋಡುತ್ತಾರೆ ಅವರು.
ರಾಕ್ಸೋಲಾನಾ ಮೂರು ವರ್ಷ ಮೂರು ಮೂರು ಕಳಿಸಿದಳು.
ಒಂಬತ್ತು ಕೃತಜ್ಞತೆ, ಮೂರು ತಿರಸ್ಕಾರ.
ಈಗ ಯಾರ್ಕ್‌ಟನ್ನಿನಲ್ಲಿ ನಾಯಿಗಳ ಕೂದಲು ಕತ್ತರಿಸುತ್ತಾಳೆ,
ಆ ಅಂಚೆಚೀಟಿಯ ದುಡ್ಡಿಗೆ ಒಂದು ಒಳ್ಳೆ ಕತ್ತರಿ ಬರ್ತಿತ್ತು ಅಂತಾಳೆ.

ಪಶುವೈದ್ಯ ಕಾಲೇಜಿನ ಪತ್ರದ ಕೊನೆಯ ಸಾಲು:
ಸಂದರ್ಶಕರಿಗೆ ಧನ್ಯವಾದ ಬರೆಯಬೇಕಿಲ್ಲ.
ಬೇಡ ಅಂದಿಲ್ಲ ನೋಡಿ.
ಬೇಕಿಲ್ಲ ಅಂದಿದ್ದಾರೆ.
ಈ ಎರಡರ ನಡುವೆ ಒಂದು ಹಸು ಮಲಗುವಷ್ಟು ಜಾಗ.
ನಿನ್ನೆಯಿಂದ ನಾನಲ್ಲಿ ಮಲಗಿದ್ದೇನೆ.

ಅಜ್ಜಿಗೆ ಈ ಗೊಂದಲವಿಲ್ಲ.
ತಾತ ತೀರಿಕೊಂಡ ವಾರ ಊರವರು ತಂದ ಹದಿನೇಳು ಪಾತ್ರೆಗಳಲ್ಲಿ
ಒಂದನ್ನೂ ಅವಳು ಬರಿದೆ ಮರಳಿಸಲಿಲ್ಲ.
ಒಂದರಲ್ಲಿ ಬೀಟ್‌ರೂಟು, ಒಂದರಲ್ಲಿ ಮೊಟ್ಟೆ,
ಏನೂ ಉಳಿಯದಾಗ ಒಂದು ಹಿಡಿ ಗಸಗಸೆ.
ಕೊಟ್ಟವರಿಗೆ ಕೊಡು, ಅದರಲ್ಲಿ ಯೋಚಿಸುವುದೇನು?
ಆದರೆ ಅಜ್ಜೀ,
ಪಾತ್ರೆ ತಂದವರ ಕೈಯಲ್ಲಿ ಅಂಕಪಟ್ಟಿ ಇರಲಿಲ್ಲ.

ಎಡಗಡೆ ಕೂತವರೇ, ಹೆಬ್ಬೆರಳಿಗೆ ಪಟ್ಟಿ ಸುತ್ತಿಕೊಂಡವರೇ,
ನಿಮ್ಮ ಹೆಸರು ಕೇಳಿಸಲಿಲ್ಲ,
ನೀವದನ್ನು ಹೇಳುವಾಗ ನನ್ನ ಹೊಟ್ಟೆ ಗುರ್ ಎಂದಿತು.
ನಡುವಿನವರೇ, ನೀವು ಗಡಿಯಾರ ನೋಡಿದ್ದು ನಾಲ್ಕು ಸಲ.
ಅದಕ್ಕೇನು ಬರೆಯಲಿ?

ಪೆನ್ನಿನವರೇ,
ಉಳಿಸಲಾಗದ ಪ್ರಾಣಿಯ ಬಗ್ಗೆ ಹೇಳು ಅಂದಿರಿ.
ಕರುವಿನ ಕತೆ ಹೇಳಿದೆ.
ಬಾಲ ಮುಂದಾಗಿ ಬಂದದ್ದು, ತೋಳಿನವರೆಗೆ ಸೋಪು, ಸರಪಳಿ,
ಅಪ್ಪ ಬೈದದ್ದು, ನನಗಲ್ಲ, ಹಿಮಕ್ಕೆ.
ಆಮೇಲೆ ಮಾತು ಸಿಗಲಿಲ್ಲ.
ಹನ್ನೊಂದು ಸೆಕೆಂಡೋ, ಹನ್ನೆರಡೋ.
ನೀವು ಮುಂದಿನ ಪ್ರಶ್ನೆಗೆ ಹೋಗಲಿಲ್ಲ.
ಹಾಳೆ ಸರಿಸಿ, ಪೆನ್ನು ಕೊಟ್ಟು,
ಒಳಗೆ ಹೇಗಿತ್ತು, ಚಿತ್ರ ಬರೆದು ತೋರಿಸು ಅಂದಿರಿ.
ಬರೆದೆ. ಕೈ ನಡುಗಿ ಕರುವಿಗೆ ಐದು ಕಾಲಾದವು.
ನೀವು ಎಣಿಸಿದಿರಿ. ನಗಲಿಲ್ಲ.
ನಾನು ನಕ್ಕೆ.

ಇದಕ್ಕೆ ಧನ್ಯವಾದ ಅಂದರೆ ಸೀಟು ಕೇಳಿದಂತೆ,
ಅನ್ನದಿದ್ದರೆ ಪೆನ್ನು ಕದ್ದಂತೆ.
ಚಾಚಿದ ಅಂಗೈಯನ್ನೇ ಮುಗಿಯುವುದು ಹೇಗೆ?
ಮೇ ತಿಂಗಳವರೆಗೆ ಕಾಯಬಹುದು, ಫಲಿತಾಂಶ ಬರಲಿ ಅಂತ.
ಸಿಕ್ಕಿದ್ದರೆ ಅದು ಲೆಕ್ಕ ಚುಕ್ತಾ,
ಸಿಗದಿದ್ದರೆ ಚುಚ್ಚುಮಾತು.
ಹಾಲಿನ ಹಾಗೆ ಈ ಮಾತು,
ಇವತ್ತಿನದು ಇವತ್ತಿಗೆ.

ಎರಡು ಕಾರ್ಡು ಡ್ರಾಯರಿಗೆ ಹೋದವು,
ಅಜ್ಜಿಯ ದಿನಸಿ ಪಟ್ಟಿಗಾಗುತ್ತವೆ.
ಮೂರನೆಯದನ್ನು ಪೆನ್ನಿಗೆ ಸುತ್ತಿ ರಬ್ಬರು ಬಿಗಿದೆ.
ಒಳಗೆ ಎರಡೇ ಪದ: ಪೆನ್ನು ನಿಮ್ಮದು.
ಹೆಸರು ಹಾಕಲಿಲ್ಲ.
ಕೆಳಗೊಂದು ಕರು ಬರೆಯಹೋಗಿ
ಒಂದು ಕಾಲಿಗೇ ಕೈ ತಡೆದೆ,
ಐದಾದರೆ ಅದೂ ಸಹಿಯೇ ತಾನೆ.

ಅಂಚೆಡಬ್ಬಿ ರಸ್ತೆಯ ತುದಿಯಲ್ಲಿದೆ.
ಅದರ ಬಾಯಿ ಮಂಜು ಕಚ್ಚಿ ಕೂತಿದೆ.
ಬೂಟು ಹಾಕಿಕೊಂಡಾಯಿತು.
ಸುತ್ತಿಗೆ ಹುಡುಕುತ್ತಿದ್ದೇನೆ.