ಅಪ್ಪನ ಟೋಪಿಯಲ್ಲಿ ಹನ್ನೊಂದು

ಕಾವಿಗೆ ಕೂತ ಕೆಂಪು ಹೇಂಟೆ ಹದಿಮೂರನೆಯ ದಿನ
ಏನು ತಿಳಿಯಿತೋ, ಎದ್ದು ಹೊರಟೇಹೋಯಿತು.
ಗ್ಯುಮ್ರಿಯ ಮಾರ್ಚ್ ಅದು, ಹೊಸ್ತಿಲಲ್ಲಿ ಇನ್ನೂ ಹಿಮ.
ಅಪ್ಪ ಸರಾತೊವ್‌ನಲ್ಲಿ ಗಾರೆ ಕೆಲಸಕ್ಕೆ, ಟೋಪಿ ಇಲ್ಲಿ ಮೊಳೆಗೆ.
ಆ ಕುರಿತುಪ್ಪಟದ ಟೋಪಿಯಲ್ಲಿ ಅಮ್ಮ
ಹನ್ನೊಂದು ಮೊಟ್ಟೆ ಒಳಗೆ ತಂದಳು
ಕಳ್ಳಿಯ ಹಾಗೆ, ಉಸಿರು ಬಿಗಿಹಿಡಿದು.

ಒಳಗೆ ಅಂದರೆ ನಮ್ಮ ದೋಮಿಕ್:
ರೈಲಿನ ಸರಕು ತುಂಬುತ್ತಿದ್ದ ತಗಡಿನ ಡಬ್ಬಿ.
ಭೂಕಂಪದ ಮರುವರ್ಷ ‘ಎರಡೇ ವರ್ಷಕ್ಕೆ’ ಎಂದು ಕೊಟ್ಟದ್ದು.
ಅದರಲ್ಲೇ ನಾನು ಹುಟ್ಟಿದೆ, ಅದರಲ್ಲೇ ಹಾಲುಹಲ್ಲು ಬಿತ್ತು,
ಅದರಲ್ಲೇ ಈಗ ಹತ್ತನೆಯ ತರಗತಿ.

ಹಿಟ್ಟು ನಾದುವ ಬೋಗುಣಿಗೆ ಹೊಟ್ಟು ಹಾಸಿ, ಮೇಲೊಂದು ಬಲ್ಬು,
ಪಕ್ಕದಲ್ಲಿ ಒದ್ದೆ ಬಟ್ಟೆ.
ಪ್ರತಿ ಮೊಟ್ಟೆಗೂ ಪೆನ್ಸಿಲಿನಲ್ಲಿ
ಒಂದು ಬದಿ ಗುಣಿಸು, ಇನ್ನೊಂದು ಬದಿ ಸೊನ್ನೆ:
ಬೆಳಿಗ್ಗೆ ಸೊನ್ನೆ ಮೇಲೆ, ಮಧ್ಯಾಹ್ನ ಗುಣಿಸು,
ಮಲಗುವಾಗ ಮತ್ತೆ ಸೊನ್ನೆ. ಮರುದಿನ ಅದಲುಬದಲು.
ಥರ್ಮಾಮೀಟರು ಇತ್ತು. ಅಮ್ಮ ನಂಬಲಿಲ್ಲ.
ಮೊಟ್ಟೆಯನ್ನೇ ಮುಚ್ಚಿದ ರೆಪ್ಪೆಗೆ ಒತ್ತಿ ನೋಡುವಳು:
‘ಸುಟ್ಟರೆ ಹೆಚ್ಚು, ತಣ್ಣಗಿದ್ದರೆ ಕಡಿಮೆ.
ಏನೂ ಅನ್ನಿಸದಿದ್ದರೆ ಸರಿ.’

ಕರೆಂಟು ಹೋದ ರಾತ್ರಿ ಬಿಸಿನೀರಿನ ಬಾಟಲಿಗಳಿಗೆ
ನನ್ನ ಉಣ್ಣೆಯ ಕಾಲುಚೀಲ ತೊಡಿಸಿದೆವು.
ನನ್ನ ಕಾಲು ಮರಗಟ್ಟಿತು. ಯಾರೂ ಕೇಳಲಿಲ್ಲ.

ಟಾರ್ಚು ಹಿಡಿದರೆ ಚಿಪ್ಪಿನೊಳಗೆ
ಕೆಂಪು ನರಗಳ ಕವಲು, ನಡುವೆ ಮಿಸುಕುವ ಕಪ್ಪು.
ಎರಡು ಖಾಲಿ. ಬರೀ ಬೆಳಕು.
ಅವನ್ನೂ ಎಸೆಯಗೊಡಲಿಲ್ಲ. ‘ಇರಲಿ, ಜೊತೆಗೆ’ ಅಂದಳು.

ಇಪ್ಪತ್ತನೆಯ ಸಂಜೆ ಪಕ್ಕದ ಡಬ್ಬಿಯ ಗಾರ್ನಿಕ್ ಮಾಮ
ನಾರ್ದಿಯ ಹಲಗೆ ಬಿಚ್ಚಿ ದಾಳ ಕುಲುಕುತ್ತಿದ್ದ.
ರೇಡಿಯೋ ಹಾಡುತ್ತಿತ್ತು, ಕೆಟಲು ಕುದಿಯುತ್ತಿತ್ತು.
ಅಮ್ಮ ಥಟ್ಟನೆ ಕೈ ಎತ್ತಿದಳು.

ರೇಡಿಯೋ ಆರಿಸಿದೆ. ಕೆಟಲು ಇಳಿಸಿದೆ.
ಗಾರ್ನಿಕ್ ಮಾಮನ ಮುಷ್ಟಿ ಗಾಳಿಯಲ್ಲೇ ನಿಂತಿತು, ದಾಳ ಒಳಗೇ.
ಅವನಿಗೆ ಆ ಕೈ ಗೊತ್ತಿತ್ತು.
ನನಗೆ ಕೇಳಿ ಮಾತ್ರ ಗೊತ್ತು:
ಆ ಡಿಸೆಂಬರಿನಲ್ಲಿ ಯಾರಾದರೂ ಹೀಗೆ ಕೈ ಎತ್ತಿದರೆ
ಕ್ರೇನು ನಿಲ್ಲುತ್ತಿತ್ತಂತೆ, ಲಾರಿ ನಿಲ್ಲುತ್ತಿತ್ತಂತೆ,
ಅಳುವವರು ಅಳು ನುಂಗುತ್ತಿದ್ದರಂತೆ,
ಊರಿಗೆ ಊರೇ ಮಂಡಿಯೂರಿ ಕಲ್ಲಿಗೆ ಕಿವಿಯಿಡುತ್ತಿತ್ತಂತೆ.
ನಾನು ನೋಡದ ನನ್ನಕ್ಕ, ನ್ವಾರ್ದ್, ನಲ್ಲಿಯ ಪೈಪು ಬಡಿಯುತ್ತಿದ್ದಳಂತೆ
ಎರಡು ದಿನ.
ಇಷ್ಟು ಹೇಳಿದ ಮೇಲೆ ಗಾರ್ನಿಕ್ ಮಾಮ ಯಾವಾಗಲೂ
ಬೆಂಕಿಪೊಟ್ಟಣ ಹುಡುಕುತ್ತಾನೆ.

ಟಿಕ್.
ಬೋಗುಣಿಯಿಂದ. ಉಗುರ ತುದಿಯಷ್ಟು ಸದ್ದು.
ಮತ್ತೆ, ಟಿಕ್.

ಬೆಳಗಾಗುವಾಗ ಎಂಟು ಹೊರಬಂದಿದ್ದವು
ತೊಯ್ದು, ತೂರಾಡಿ, ಎಲ್ಲರ ಮೇಲೂ ಸಿಟ್ಟಾಗಿ.
ಒಂಬತ್ತನೆಯದು ಕಿಂಡಿ ಕೊರೆದು ಸುಸ್ತಾಗಿ ಸುಮ್ಮನಾಯಿತು.
‘ಕೈ ಹಾಕಬೇಡ ಅರುಸ್ಯಾಕ್, ಪೊರೆಯಲ್ಲಿ ನೆತ್ತರು ಇನ್ನೂ ಇಂಗಿಲ್ಲ.
ತಾನಾಗಿ ಬರಬೇಕು.’
ಅಮ್ಮ ಎರಡೂ ಅಂಗೈ ತೊಡೆಯಡಿಗೆ ಒತ್ತಿಕೊಂಡು ಕೂತಳು.
ಆ ಕೈಗಳಲ್ಲಿ ಮೂರು ಉಗುರು ಇವತ್ತಿಗೂ ಸೊಟ್ಟ.
ಒಂದು ಗಂಟೆ. ಎರಡು.
ಮೂರನೆಯದಕ್ಕೆ ‘ತಾನಾಗಿ ಯಾರೂ ಬರುವುದಿಲ್ಲ’ ಅಂದವಳೇ
ಸೊಟ್ಟ ಉಗುರಿನಿಂದಲೇ ಬಿಡಿಸಿದಳು ಚಿಪ್ಪು,
ಗೋಧಿನುಚ್ಚಿನಷ್ಟು, ಇನ್ನೊಂದು ನುಚ್ಚಿನಷ್ಟು.
ಒಂದು ಹನಿ ರಕ್ತ ಬಂತು. ಒಲೆಯ ಬೂದಿ ಹಚ್ಚಿದಳು.

ಬದುಕಿತು. ಕಾಲು ಸ್ವಲ್ಪ ಓರೆ,
ಅಮ್ಮನ ಏಪ್ರನ್ನಿನ ಜೇಬಿನಲ್ಲೇ ವಾಸ.
ಉಳಿದ ಎಂಟು ಬಲ್ಬಿನಡಿ, ರಾತ್ರಿಯಿಡೀ ಚಿಯಾಂವ್ ಚಿಯಾಂವ್,
ತಗಡಿಗೆ ಬಡಿದು ಹದಿನಾರಾಗಿ.
ಆಚೆಯಿಂದ ಗಾರ್ನಿಕ್ ಮಾಮ ಗೋಡೆ ಗುದ್ದಿದ:
‘ಮನುಷ್ಯರು ಮಲಗಬೇಕೋ ಬೇಡವೋ?
ಮೇಲೊಂದು ಬಟ್ಟೆ ಹೊದಿಸು, ಬಾಯಿ ಮುಚ್ಚುತ್ತವೆ.’

ಅಮ್ಮ ಬಟ್ಟೆ ಕೈಗೆತ್ತಿಕೊಂಡಳು.
ಮಡಚಿದಳು, ಮತ್ತೆ ಕಪಾಟಿನಲ್ಲಿಟ್ಟಳು.
‘ಕೂಗಲಿ ಬಿಡು.’